ನನ್ನ ಸಾವಿನ ಊಟ ಯಾರು ಬಡಿಸುತ್ತಾರೆ?

ಜನವರಿ 14, ಮಂಗಳವಾರ

ಒಲೆಯ ಮೇಲೆ ಸೂಪು ಕುದಿಯುತ್ತಿದ್ದಾಗಲೇ ಫೋನು. ಯಾವುದೋ ಸಮೀಕ್ಷೆಯ ಹುಡುಗಿ, ಹೆಸರು ಮರಿಸ್ಸಾ. ಅಮೆರಿಕದ ಜನ ಯಾವ ಯಾವ ಧರ್ಮದಲ್ಲಿ ಎಷ್ಟೆಷ್ಟು ಉಳಿದಿದ್ದಾರೆ ಎಂದು ಎಣಿಸುತ್ತಿದ್ದಾರಂತೆ. ಅಷ್ಟು ಕಷ್ಟ ಯಾಕೆ? ಭಾನುವಾರ ಬೆಳಿಗ್ಗೆ ನಮ್ಮ ಚರ್ಚಿಗೆ ಬಂದು ನೋಡಿದರೆ ಬೆರಳ ಗೆಣ್ಣಿನಲ್ಲೇ ಮುಗಿದುಹೋಗುವ ಲೆಕ್ಕ.

"ನಿಮ್ಮ ಧರ್ಮ ಯಾವುದು ಮೇಡಂ?"

"ಲೂಥರನ್. ಹುಟ್ಟಿದ್ದು, ಮದುವೆ ಆಗಿದ್ದು, ಗಂಡನ್ನ ಮಣ್ಣು ಮಾಡಿದ್ದು, ಎಲ್ಲಾ ಸೇಂಟ್ ಮಾರ್ಕ್ ಚರ್ಚಲ್ಲೇ."

"ಆರಾಧನೆಗೆ ಎಷ್ಟು ಸಲ ಹೋಗ್ತೀರಿ?"

"ಪ್ರತಿ ಭಾನುವಾರ. ಮೊಣಕಾಲುದ್ದ ಹಿಮ ಬಿದ್ರೂ. ನೀನು ಹೋಗ್ತೀಯೇನಮ್ಮಾ?"

"ಪ್ರಶ್ನೆ ನಾನು ಕೇಳ್ಬೇಕು ಮೇಡಂ," ಎಂದು ನಕ್ಕಳು. "ನಿಮ್ಮ ಮಕ್ಕಳೂ ಅದೇ ಧರ್ಮದವರಾ?"

ಸೂಪು ಉಕ್ಕುತ್ತಿದೆ ಎಂದು ಹೇಳಿ ಫೋನಿಟ್ಟೆ. ಉಕ್ಕುತ್ತಿರಲಿಲ್ಲ. ನನ್ನ ಮಗಳು ಗ್ರೆಚೆನ್ ಕೊಲಂಬಸ್‌ನಲ್ಲಿ ಇದ್ದಾಳೆ. ಯಾವ ಧರ್ಮ ಎಂದು ಕೇಳಿದರೆ "ಯಾವುದೂ ಅಲ್ಲ" ಎನ್ನುತ್ತಾಳೆ. ಅದನ್ನೂ ಒಂದು ಪದವಿ ಸಿಕ್ಕವಳ ಹಾಗೆ ಹೇಳುತ್ತಾಳೆ. ಆರು ತಿಂಗಳ ಮೇಲೆ ಮತ್ತೆ ಫೋನು ಮಾಡುತ್ತಾರಂತೆ. ಅಷ್ಟರಲ್ಲಿ ನಾನೇನು ಬದಲಾಗುತ್ತೇನೆಯೇ? ಎಪ್ಪತ್ತಾರು ವರ್ಷ ಬದಲಾಗದವಳು.

ಜನವರಿ 19, ಭಾನುವಾರ

ಆರಾಧನೆ ಮುಗಿದ ಮೇಲೆ ಪಾಸ್ಟರ್ ಕೆಲ್ಸಿ ನಮ್ಮನ್ನೆಲ್ಲ ಮುಂದಿನ ಎರಡು ಬೆಂಚಿಗೆ ಕರೆದಳು. ಅಷ್ಟರಲ್ಲೇ ಎಲ್ಲರೂ ಹಿಡಿಸಿದೆವು ಎನ್ನುವುದೇ ದುಃಖದ ಸಂಗತಿ. ಈ ಹುಡುಗಿ ನಾಲ್ಕು ಊರಿನ ನಾಲ್ಕು ಚರ್ಚುಗಳಿಗೆ ಒಬ್ಬಳೇ ಪಾಸ್ಟರ್. ಕಾರಿನಲ್ಲೇ ಉಡುಪು ಬದಲಾಯಿಸುತ್ತಾಳೆ. ಮುಂಗೈಯಲ್ಲಿ ಮೀನಿನ ಹಚ್ಚೆ ಬೇರೆ.

"ಈಸ್ಟರ್ ಆದ್ಮೇಲೆ ಮತ ಹಾಕೋಣ. ಚರ್ಚು ಇಟ್ಕೊಳ್ಳೋದಾ, ಮುಚ್ಚೋದಾ," ಎಂದಳು.

ನಮ್ಮ ಊರಿನಲ್ಲಿ ಮುಚ್ಚಿದ್ದೇನೂ ಹೊಸದಲ್ಲ. ಬ್ಯಾಪ್ಟಿಸ್ಟರ ಚರ್ಚಿನಲ್ಲಿ ಈಗ ಜನ ಹಗ್ಗ ಕಟ್ಟಿಕೊಂಡು ಗೋಡೆ ಹತ್ತುತ್ತಾರೆ. ಕ್ಯಾಥೊಲಿಕರದು ಬಾಡಿಗೆ ಮನೆಗಳಾಗಿವೆ. ನಾನು ಮದುವೆಯ ಬೂಟು ಕೊಂಡ ಅಂಗಡಿ ಈಗ ಮಸೀದಿ. ಅಲ್ಲಿ ಈಗಲೂ ಬಾಗಿಲಲ್ಲಿ ಬೂಟಿನ ಸಾಲೇ.

ನಾನು ಎದ್ದು ನಿಂತು ಕಡ್ಡಿ ಮುರಿದ ಹಾಗೆ ಹೇಳಿದೆ. "ನಾನು ಸಾಯೋವರೆಗೂ ಬಾಗಿಲು ಹಾಕೋ ಹಾಗಿಲ್ಲ. ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಸಾವಿನ ಊಟದ ಉಸ್ತುವಾರಿ ನನ್ನದು ಮತ್ತು ನನ್ನ ಗೆಳತಿ ವಿಲ್ಮಾಳದು. ಈ ಊರಿನಲ್ಲಿ ಯಾರನ್ನೇ ಹೂಳಲಿ, ಹೂಳಿ ಬಂದವರಿಗೆ ಬೆಣ್ಣೆ ಸವರಿದ ಬನ್ನಿನಲ್ಲಿ ಹ್ಯಾಮು, ಚೀಸು ಸುರಿದು ಬೇಯಿಸಿದ ಆಲೂಗಡ್ಡೆ, ಹಸಿರು ಜೆಲ್ಲಿ, ದೊಡ್ಡ ಪಾತ್ರೆಯ ಕಾಫಿ. ದುಃಖಕ್ಕೆ ಹಂದಿಯ ತೊಡೆಗಿಂತ ಒಳ್ಳೆಯ ಔಷಧಿ ದೇವರು ಇನ್ನೂ ಸೃಷ್ಟಿಸಿಲ್ಲ. ಇಷ್ಟು ಜನಕ್ಕೆ ಬಡಿಸಿದ್ದೇನೆ. ನನಗೆ ಬಡಿಸುವವರು ಬೇಡವೇ?

ಸಂಜೆ ಗ್ರೆಚೆನ್‌ಗೆ ಹೇಳಿದೆ.

"ಅಯ್ಯೋ ಅಮ್ಮ, ಅದಕ್ಯಾಕೆ ತಲೆ ಕೆಡಿಸ್ಕೋತೀಯ? ನಿನ್ನ ಬೂದೀನ ಲೇಕ್ ಈರಿಲಿ ಬಿಟ್ಬಿಡ್ತೀವಿ. ಸೂರ್ಯ ಮುಳುಗೋ ಹೊತ್ತಿಗೆ. ಚೆನ್ನಾಗಿರುತ್ತೆ."

"ಆಮೇಲೆ ಊಟ?"

"ಬೇಕಿದ್ದವರು ಹೋಟೆಲ್ಲಿಗೆ ಹೋಗ್ತಾರೆ."

ರಾತ್ರಿ ನಿದ್ದೆ ಬರಲಿಲ್ಲ.

ಫೆಬ್ರವರಿ 1, ಶನಿವಾರ

ನೆಲಮಾಳಿಗೆಯನ್ನು ಶನಿವಾರ ನೇಪಾಳಿ ಹಿಂದೂಗಳಿಗೆ ಬಾಡಿಗೆಗೆ ಕೊಟ್ಟು ವರ್ಷವಾಯಿತು. ಹಾಡುತ್ತಾರೆ, ತಾಳ ಕುಟ್ಟುತ್ತಾರೆ, ಆಮೇಲೆ ಅಡುಗೆ. ಇವತ್ತು ಹೋಗಿ ನೋಡಿದರೆ ನನ್ನ ಬಿಳಿ ಕಟ್ಟೆ ಹಳದಿ! ನನ್ನ ಮರದ ಸೌಟೂ ಹಳದಿ.

ಅವರ ಅಡುಗೆಯ ಯಜಮಾನಿ ದಿಲ್‌ಮಾಯಾ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ, ಅರವತ್ತರ ಹತ್ತಿರದ ವಯಸ್ಸು. ಸೌಟನ್ನು ಅವಳ ಮೂಗಿನ ಮುಂದೆ ಹಿಡಿದೆ.

"ಅರಿಶಿನ ದಿದಿ," ಎಂದಳು ಅವಳು, ನಾನು ಹೆಸರು ಕೇಳಿದೆನೇನೋ ಎಂಬಂತೆ. "ಒಳ್ಳೇದು ದೇಹಕ್ಕೆ."

"ಕಟ್ಟೆಗೆ ಒಳ್ಳೇದಲ್ಲ."

ದಿದಿ ಎಂದರೆ ಅಕ್ಕ ಅಂತೆ. ನಾನು ಯಾರ ಅಕ್ಕನೂ ಅಲ್ಲ. ಕಪಾಟಿಗೆ ಬೀಗ ಹಾಕಿಸಬೇಕು. ಒಳಗೆ ನಮ್ಮ ಹೆಂಗಸರ ಗಾಜಿನ ಪಾತ್ರೆಗಳಿವೆ. ತಳದಲ್ಲಿ ಟೇಪು ಅಂಟಿಸಿ ಹೆಸರು ಬರೆದಿದ್ದು. ಅರ್ಧಕ್ಕರ್ಧ ಸತ್ತವರವೇ. ತೆಗೆದುಕೊಂಡು ಹೋಗಿ ಎಂದರೆ ಮಕ್ಕಳಿಗೆ ಬೇಡ.

ಫೆಬ್ರವರಿ 11, ಮಂಗಳವಾರ

ದಿಲ್‌ಮಾಯಾಳ ಮಾವ ನಿನ್ನೆ ತೀರಿಕೊಂಡನಂತೆ. ಸೌಟಿನ ಜಗಳ ಸೌಟಿಗೆ. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಲು ನನಗೆ ಮನಸ್ಸಾಗಲಿಲ್ಲ. ಎರಡು ತಟ್ಟೆ ಹ್ಯಾಮ್ ಬನ್ನು, ಒಂದು ಪಾತ್ರೆ ಆಲೂಗಡ್ಡೆ ಹೊತ್ತುಕೊಂಡು ಹೋದೆ.

ವಿಚಿತ್ರ ಮನೆ. ಸತ್ತವನ ಮಗ, ಅಂದರೆ ದಿಲ್‌ಮಾಯಾಳ ಗಂಡ, ತಲೆ ಬೋಳಿಸಿಕೊಂಡು, ಬಿಳಿ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಒಣಹುಲ್ಲಿನ ಮೇಲೆ ಕೂತಿದ್ದ. ಒಬ್ಬನೇ! ಯಾರೂ ಹತ್ತಿರ ಹೋಗುವುದಿಲ್ಲ, ಭುಜ ತಟ್ಟುವುದಿಲ್ಲ. ಎಂಥ ಕಲ್ಲುಮನಸ್ಸಿನ ಜನ ಎನ್ನಿಸಿತು. ನಾನೇ ಬಗ್ಗಿ ಅವನನ್ನು ಬಿಗಿಯಾಗಿ ತಬ್ಬಿಕೊಂಡು "ನಿಮ್ಮಪ್ಪ ದೇವರ ಹತ್ರ ಸುಖವಾಗಿದಾರೆ" ಎಂದೆ. ಕೋಣೆಯಲ್ಲಿ ಎಲ್ಲರ ಉಸಿರೂ ನಿಂತಿತು. ಅವನು ಎದ್ದು ನೆಟ್ಟಗೆ ಸ್ನಾನಕ್ಕೆ ಹೋದ. ಅಳುವುದಕ್ಕೆ ಹೋಗಿರಬೇಕು, ಪಾಪ.

ಬನ್ನನ್ನು ದಿಲ್‌ಮಾಯಾ ಎರಡೂ ಕೈಯಲ್ಲಿ ತೆಗೆದುಕೊಂಡಳು. ಯಾರೂ ತಿನ್ನಲಿಲ್ಲ. ಸಂಕೋಚದ ಜನ.

ಫೆಬ್ರವರಿ 12, ಬುಧವಾರ

ಇವತ್ತೂ ಹೋದೆ. ಅವನನ್ನು ಮತ್ತೆ ತಬ್ಬಿಕೊಂಡೆ. ಮತ್ತೆ ಎದ್ದು ಸ್ನಾನಕ್ಕೆ ಹೋದ. ಬಹಳ ಶುಚಿಯ ಜನ, ಅದನ್ನು ಒಪ್ಪಲೇಬೇಕು.

ಹೊರಡುವಾಗ ದಿಲ್‌ಮಾಯಾ ಬಾಗಿಲ ತನಕ ಬಂದು ಅಂಗಲಾಚಿದಳು: "ದಿದಿ, ನಾಳೆ ಬರಬೇಡಿ. ಹದಿಮೂರನೇ ದಿನ ಬನ್ನಿ. ಊಟಕ್ಕೆ."

ಹದಿಮೂರನೇ ದಿನ! ಸತ್ತ ದಿನದ ಊಟ ಎರಡು ವಾರ ತಡ! ವಿಲ್ಮಾಗೆ ಹೇಳಿದರೆ ಅವಳು, "ಅಡುಗೆಯವರು ಸಿಕ್ಕಿರಲ್ಲ ಕಣೆ," ಎಂದಳು.

ಫೆಬ್ರವರಿ 22, ಶನಿವಾರ

ಹೋದೆ. ನಮ್ಮದೇ ನೆಲಮಾಳಿಗೆಯಲ್ಲಿ ಊಟ. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತಿದ್ದರು. ನನಗೂ ವಿಲ್ಮಾಗೂ ಕುರ್ಚಿ ಹಾಕಿದ್ದರು. ಎತ್ತರದಲ್ಲಿ ಕೂತು ಎಲ್ಲರ ನೆತ್ತಿ ನೋಡುತ್ತ ಉಂಡೆವು. ಬಳೆಯ ಹಾಗೆ ಕರಿದ ಒಂದು ಅಕ್ಕಿಯ ತಿಂಡಿ ಇತ್ತು. ನಾನು ನಾಲ್ಕು ತಿಂದೆ, ವಿಲ್ಮಾ ಆರು. ಬಡಿಸುವುದರಲ್ಲಿ ಮಾತ್ರ ಹೆಸರಿಡುವ ಹಾಗಿಲ್ಲ. ಯಾರ ಎಲೆ ಖಾಲಿಯಾಗಿದೆ ಎಂದು ನೋಡುವ ಕಣ್ಣು ದಿಲ್‌ಮಾಯಾಗಿದೆ. ಅದು ಕಲಿಸಿದರೆ ಬರುವುದಲ್ಲ.

ಊಟ ಆದ ಮೇಲೆ ಅವಳು ನನ್ನ ಪಕ್ಕ ಕೂತು ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು.

"ದಿದಿ, ಆ ದಿನಗಳಲ್ಲಿ ಅವರನ್ನ ಯಾರೂ ಮುಟ್ಟಬಾರದು. ಮುಟ್ಟಿದ್ರೆ ಸ್ನಾನ ಮಾಡ್ಬೇಕು. ತಣ್ಣೀರು. ನೀವು ಮತ್ತೆ ಬಂದ್ರಿ ಅಂತ ಕಾರು ನೋಡಿದ ತಕ್ಷಣ ಅವರು ನಡುಗಿಬಿಟ್ರು!"

ನಾನು ನಾಚಿಕೆಯಿಂದ ನೀರಾದೆ. ಗಂಡ ಆ ಕಡೆಯಿಂದ ಕೈಮುಗಿದ. ಆಮೇಲೆ ತಾನೇ ಬಂದು ನನ್ನನ್ನು ತಬ್ಬಿಕೊಂಡ. ಈಗ ಮುಟ್ಟಬಹುದಂತೆ.

"ಬನ್ನು?"

"ಹಂದಿ ನಾವು ತಿನ್ನಲ್ಲ. ಪಕ್ಕದ ಮನೆ ಗ್ಯಾರಿಗೆ ಕೊಟ್ವಿ. ಹೆಂಡತಿಗೆ ಹುಷಾರಿಲ್ಲ, ಪಾಪ. ಎರಡು ತಟ್ಟೇನೂ ಅವರೇ ತಿಂದ್ರು."

ಮಾರ್ಚ್ 5, ಬೂದಿ ಬುಧವಾರ

ಈಸ್ಟರಿನ ಮುಂಚಿನ ಉಪವಾಸ ಶುರುವಾಗುವ ದಿನ, ಹಣೆಗೆ ಬೂದಿ. ಜನ ಚರ್ಚಿನೊಳಗೆ ಬರುವುದಿಲ್ಲ, ಆದ್ದರಿಂದ ಬೂದಿಯನ್ನೇ ಹೊರಗೆ ಒಯ್ಯೋಣ ಎಂದು ಪಾಸ್ಟರ್ ಕೆಲ್ಸಿ ಪಾರ್ಕಿಂಗ್ ಜಾಗದಲ್ಲಿ ನಿಂತಳು. ಕಾರಿನಲ್ಲಿ ಬಂದು ಗಾಜು ಇಳಿಸಿದರೆ ಸಾಕು, ಹಣೆಗೆ ಬೂದಿ ಹಚ್ಚುತ್ತಾಳೆ. ಬರ್ಗರ್ ಕೊಡುವ ಹಾಗೆ. ನಾನು ಛತ್ರಿ ಹಿಡಿದು ಪಕ್ಕದಲ್ಲಿ ನಿಂತೆ. ಮೊದಲ ಗಂಟೆಯಲ್ಲಿ ಬಂದವನು ಅಂಚೆಯವನೊಬ್ಬನೇ. ಅವನೂ ಅಂಚೆ ಕೊಟ್ಟು ಹೋದ.

ಆಮೇಲೆ ದಿಲ್‌ಮಾಯಾ ಬಂದಳು. ಹಿಂದೆ ಅವರ ಹೆಂಗಸರೆಲ್ಲ.

"ಹಣೆಗೆ ಭಸ್ಮ ಹಚ್ತಿದಾರೆ ಅಂತ ಕೇಳಿದ್ವಿ," ಎಂದಳು. ಮುಖದಲ್ಲಿ ತವರಿನವರು ಸಿಕ್ಕಷ್ಟು ಸಂತೋಷ.

ಕೆಲ್ಸಿ ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ. ಹಚ್ಚಿದಳು. "ನೀನು ಮಣ್ಣು, ಮಣ್ಣಿಗೇ ಸೇರುವೆ" ಎಂದು ಒಬ್ಬೊಬ್ಬರಿಗೂ ಹೇಳಿದಳು. "ಹೌದು ಹೌದು" ಎಂದು ಎಲ್ಲರೂ ಒಪ್ಪಿದರು. ಒಬ್ಬ ಮುದುಕಿ ತಿರುಗಿ ಬಂದು ಮೊಮ್ಮಗನಿಗೆಂದು ಕಾಗದದಲ್ಲಿ ಒಂದು ಚಿಟಿಕೆ ಕಟ್ಟಿಸಿಕೊಂಡು ಹೋದಳು.

ಇಷ್ಟು ವರ್ಷಗಳಲ್ಲೇ ಹೆಚ್ಚು ಜನ ಬಂದ ಬೂದಿ ಬುಧವಾರ ಎಂದು ಕೆಲ್ಸಿ ಬಿಷಪ್ ಕಚೇರಿಗೆ ವರದಿ ಕಳಿಸಿದಳು. ಯಾರು ಬಂದರು ಎಂದು ಬರೆಯಲಿಲ್ಲ. ಅವರು ಕೇಳಿಲ್ಲವಲ್ಲ!

ಮಾರ್ಚ್ 22, ಶನಿವಾರ

ಗ್ಯಾರಿಯ ಹೆಂಡತಿ ರೋಂಡಾ ಹೋದಳು. ಮೊನ್ನೆ ಗ್ಯಾರಿಯೇ ಬಾಗಿಲಿಗೆ ಬಂದಿದ್ದ.

"ಆ ಬನ್ನು ಮಾಡಿದ್ದು ನೀವೇ ಅಲ್ವಾ? ರೋಂಡಾ ಕೊನೇಲಿ ರುಚಿಯಾಗಿ ತಿಂದಿದ್ದು ಅದೊಂದೇ. ಶನಿವಾರ ಬಿಯರ್ ಕಾರ್ಖಾನೇಲಿ ಸೇರ್ತಿದೀವಿ. ಪ್ರಾರ್ಥನೆ ಗೀರ್ಥನೆ ಇಲ್ಲ, ಅವಳಿಗೆ ಹಿಡಿಸ್ತಿರಲಿಲ್ಲ. ಸುಮ್ನೆ ಬಂದು ಒಂದು ಬಿಯರ್ ಕುಡೀರಿ."

ಹೋದೆ. ದೊಡ್ಡ ದೊಡ್ಡ ತಾಮ್ರದ ಹಂಡೆಗಳ ನಡುವೆ ಜನ. ಗೋಡೆಯ ಮೇಲೆ ರೋಂಡಾಳ ಫೋಟೋಗಳು ಒಂದಾದ ಮೇಲೊಂದು ಬಂದವು. ಒಂದು ಹಾಡು ಹಾಕಿದರು. ಯಾರೋ ಏನೋ ಹೇಳಲು ಎದ್ದು, ಆಗದೆ ಕೂತರು. ಫೋಟೋ ಮುಗಿಯಿತು. ಅಷ್ಟೇ. ಎಲ್ಲರೂ ಗ್ಲಾಸು ಹಿಡಿದು ನಿಂತೇ ಇದ್ದಾರೆ. ಮುಂದೇನು ಎಂದು ಯಾರಿಗೂ ಗೊತ್ತಿಲ್ಲ. ಹೋಗುವ ಹಾಗೂ ಇಲ್ಲ, ಇರುವ ಹಾಗೂ ಇಲ್ಲ. ಗ್ಯಾರಿ ನಡುವೆ ಒಬ್ಬನೇ ನಿಂತಿದ್ದ. ಧರ್ಮ ಬಿಟ್ಟರೆ ಬಿಡಲಿ, ಊಟ ಯಾಕೆ ಬಿಡಬೇಕು?

ಬನ್ನು ನನ್ನ ಕಾರಿನಲ್ಲಿತ್ತು. ಬರುವಾಗಲೇ ತಂದಿದ್ದೆ. ದಿಲ್‌ಮಾಯಾ ಕೂಡ ಬಳೆ ತಿಂಡಿಯ ಬುಟ್ಟಿಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿದ್ದಳು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಜು ಎಳೆದು, ಬಟ್ಟೆ ಹಾಸಿ ಜೋಡಿಸಿದೆವು. ನಾನು ಅಭ್ಯಾಸಬಲದಿಂದ ಪ್ರಾರ್ಥನೆಗೆ ಬಾಯಿ ತೆರೆದೆ. ರೋಂಡಾ ನೆನಪಾಗಿ, "ಕಾಫಿ ಆ ಕಡೆ ಇದೆ" ಎಂದೆ. ಆಮೆನ್ ಎನ್ನುವವರ ಹಾಗೆ ಎಲ್ಲರೂ ತಲೆ ಬಗ್ಗಿಸಿ ಸಾಲು ನಿಂತರು.

ಗ್ಯಾರಿ ಬನ್ನು ಕೈಯಲ್ಲಿ ಹಿಡಿದ ಮೇಲೆ ಅತ್ತ. ಅದಕ್ಕೆ ಮುಂಚೆ ಅವನಿಗೆ ಆಗಿರಲಿಲ್ಲ.

ಕಾರ್ಖಾನೆಯ ಯಜಮಾನ ನನ್ನ ಫೋನ್ ನಂಬರು ಕೇಳಿದ. ತಿಂಗಳಿಗೆ ಮೂರು ನಾಲ್ಕು ಸಾವಿನ ಕೂಟ ಹೀಗೇ ಆಗುತ್ತವಂತೆ.

ಏಪ್ರಿಲ್ 6, ಭಾನುವಾರ

ಚರ್ಚಿಗೆ ಹೋಗಲಾಗಲಿಲ್ಲ. ಕಾರ್ಖಾನೆಯಲ್ಲಿ ಊಟವಿತ್ತು. ಸತ್ತವನು ಬೈಕ್ ರಿಪೇರಿಯವನು, ಯಾವ ಧರ್ಮವೂ ಇಲ್ಲ, ಆದರೆ ನೆಂಟರು ಬಹಳ. ಹ್ಯಾಮು ಸಾಲಲಿಲ್ಲ. ಜನಕ್ಕೆ ಈಗ ಚರ್ಚು ಎಂದರೆ ಅಲಕ್ಷ್ಯ. ಒಂದು ಭಾನುವಾರ ಬಂದರೆ ನಾಲ್ಕು ಭಾನುವಾರ ಇಲ್ಲ. ಹೀಗಾದರೆ ಹೇಗೆ ಉಳಿಯುತ್ತದೆ?

ಏಪ್ರಿಲ್ 20, ಈಸ್ಟರ್

ಹೋದೆ. ಎರಡನೇ ಹಾಡಿನ ಹೊತ್ತಿಗೆ. ನಿನ್ನೆಯ ಪಾತ್ರೆ ತೊಳೆಯುವುದಿತ್ತು. ನನ್ನ ಜಾಗದಲ್ಲಿ ವಿಲ್ಮಾ ತನ್ನ ಕೋಟು ಇಟ್ಟಿದ್ದಳು. ನಲವತ್ತು ವರ್ಷದಲ್ಲಿ ಮೊದಲ ಸಲ.

"ಬರ್ತೀಯೋ ಇಲ್ವೋ ಅಂತ," ಎಂದಳು. ಇವಳಿಗೇನಾಗಿದೆ?

ಮೇ 18, ಭಾನುವಾರ

ಸಂಜೆ ವಿಲ್ಮಾ ಫೋನು ಮಾಡಿದಳು. ಹಲೋ ಇಲ್ಲ, ಏನಿಲ್ಲ.

"ಎಲ್ಲಿ ಸತ್ತಿದ್ದೆ?"

"ಸಾವಿನ ಊಟಕ್ಕೆ ಹೋಗಿದ್ದೆ. ಯಾಕೆ?"

"ಇವತ್ತು ಮತ ಹಾಕೋ ದಿನ ಕಣೆ."

ಕುರ್ಚಿ ಎಳೆದುಕೊಂಡೆ.

"ಮುಚ್ಚೋದಕ್ಕೆ ಏಳು, ಬೇಡ ಅಂದೋರು ಆರು. ಸಮ ಬಂದಿದ್ರೆ ಇನ್ನೊಂದು ವರ್ಷ ಉಳೀತಿತ್ತು. ನಿನ್ನದೊಂದು ಮತ ಸಾಕಿತ್ತು, ಆರ್ಲೀನ್! ಊರಿಗೆಲ್ಲಾ ಬಾಗಿಲು ಹಾಕಬೇಡಿ ಅಂತ ಬಾಯಿ ಬಡ್ಕೊಂಡೋಳು ನೀನೇ ಅಲ್ವಾ?"

ಕೆಲ್ಸಿ ಎರಡು ವಾರ ಪ್ರಕಟಿಸಿದ್ದಳಂತೆ. ಆ ಎರಡು ವಾರವೂ ನಾನು ಅಲ್ಲಿರಲಿಲ್ಲವೇ? ಇದ್ದೆ ಎಂದುಕೊಂಡಿದ್ದೆ.

ಮೇ 19

ನನ್ನ ಗಂಡ ವರ್ನನ್‌ನ ಸಮಾಧಿಯ ಹತ್ತಿರ ಹೋಗಿ ಕೂತೆ. ಅವನಿಗೆ ಹೇಳಿದೆ. ಬದುಕಿದ್ದಾಗಲೂ ಅವನು ಇಂಥದ್ದಕ್ಕೆ ಏನೂ ಹೇಳುತ್ತಿರಲಿಲ್ಲ. ನನ್ನ ಮೇಲೇ ನನಗೆ ಸಿಟ್ಟು. ಹೂವು ತರುವುದೂ ಮರೆತಿದ್ದೆ.

ಜೂನ್ 21, ಶನಿವಾರ

ಕಟ್ಟಡವನ್ನು ನೇಪಾಳಿಗಳೇ ಕೊಂಡರು. ದೇವಸ್ಥಾನ ಮಾಡುತ್ತಾರಂತೆ. ನಾನೂ ವಿಲ್ಮಾಳೂ ಅಡುಗೆಮನೆ ಖಾಲಿ ಮಾಡಲು ಹೋದೆವು. ಕಪಾಟು ತೆಗೆದೆ. ಬೀಗ ಹಾಕಿಸಲೇ ಇಲ್ಲ. ಟೇಪಿನ ಮೇಲೆ ಸತ್ತವರ ಹೆಸರು ಓದುತ್ತ ವಿಲ್ಮಾ ಅತ್ತಳು, ನಾನು ಅಳಲಿಲ್ಲ. ಆಮೇಲೆ ನನ್ನ ಹೆಸರಿನ ಪಾತ್ರೆ ಸಿಕ್ಕಿತು. ನಾನೂ ಅತ್ತೆ.

ದಿಲ್‌ಮಾಯಾ ಓಡಿ ಬಂದಳು. "ಯಾಕೆ ದಿದಿ ಕಟ್ತಿದೀರಿ? ಇರಲಿ ಇಲ್ಲೇ."

"ನನಗಿನ್ನು ಇಲ್ಲೇನು ಕೆಲಸ? ನಾನು ಸತ್ತಾಗ ಈ ಮೆಟ್ಟಿಲಿಳಿದು ಬಂದು ಜನ ಉಣ್ಣಬೇಕು ಅಂತಿದ್ದೆ. ಅದೊಂದೇ ಆಸೆ ಇತ್ತು. ಅದೂ ಹೋಯ್ತು. ಮಗಳು ಬೂದೀನ ಕೆರೆಗೆ ಹಾಕ್ತಾಳೆ, ಹೋಟೆಲ್ಲಿಗೆ ಹೋಗ್ತಾರೆ."

ಅವಳು ಸೊಂಟಕ್ಕೆ ಕೈಯಿಟ್ಟಳು. "ಹೋಟೆಲ್ಲಾ? ನಾನು ಇರೋವಾಗ? ಇಲ್ಲೇ ಊಟ. ನಾನೇ ಬಡಿಸ್ತೀನಿ."

"ಹ್ಯಾಮು ಬೇಕು," ಎಂದೆ. ಇಂಥ ವಿಷಯದಲ್ಲಿ ಮೊದಲೇ ಸ್ಪಷ್ಟವಾಗಿರಬೇಕು.

ಅವಳ ಮುಖ ಸಣ್ಣದಾಯಿತು. "ಇಲ್ಲಿ ದೇವರು ಕೂರ್ತಾನೆ ದಿದಿ. ಹಂದಿ ಒಳಗೆ ಬರೋ ಹಾಗಿಲ್ಲ."

"ಹ್ಯಾಮಿಲ್ಲದೆ ನಾನು ಸಾಯಲ್ಲ."

"ಹಾಗಾದ್ರೆ ಇನ್ನೂ ಒಳ್ಳೇದು," ಎಂದಳು ವಿಲ್ಮಾ, ಮೂಗು ಒರೆಸಿಕೊಳ್ಳುತ್ತ.

ದಿಲ್‌ಮಾಯಾ ಯೋಚಿಸಿದಳು. ಗಂಡನನ್ನು ಕರೆದು ಅವರ ಭಾಷೆಯಲ್ಲಿ ಏನೋ ವಾದ ಮಾಡಿದಳು. ಆಮೇಲೆ ತೀರ್ಪು ಬಂತು: "ಪಾರ್ಕಿಂಗಲ್ಲಿ ಶಾಮಿಯಾನ ಹಾಕ್ತೀವಿ. ಹ್ಯಾಮು ಗ್ಯಾರಿ ಕುಯ್ತಾರೆ, ಹೊರಗೆ. ಆಲೂಗಡ್ಡೆ, ಕಾಫಿ ಒಳಗೆ. ತಿಂದೋರು ಕೈ ತೊಳ್ಕೊಂಡು ಒಳಗೆ ಬರ್ಬೇಕು. ಆಯ್ತಾ? ಮಳೆಗಾಲದಲ್ಲಿ ಮಾತ್ರ ಸಾಯ್ಬೇಡಿ."

ಅಲ್ಲೇ ಟೇಪು ಹರಿದು ಒಂದು ಹೊಸ ಸ್ಟೀಲ್ ಪಾತ್ರೆಯ ತಳಕ್ಕೆ ಅಂಟಿಸಿ ಅವಳ ಹೆಸರು ಬರೆದೆ. ನನ್ನದರ ಪಕ್ಕದಲ್ಲಿಟ್ಟೆ.

ಜುಲೈ 15, ಮಂಗಳವಾರ

ಸಮೀಕ್ಷೆಯ ಹುಡುಗಿ ಮರಿಸ್ಸಾ ಮತ್ತೆ ಫೋನು ಮಾಡಿದಳು.

"ಈಗಲೂ ಲೂಥರನ್ನೇ ಅಲ್ವಾ ಮೇಡಂ?"

"ಅದರಲ್ಲೇನು ಅನುಮಾನ?"

"ಹೋದ ತಿಂಗಳು ಆರಾಧನೆಗೆ ಎಷ್ಟು ಸಲ ಹೋಗಿದ್ರಿ?"

ನೆನಪಿಸಿಕೊಂಡೆ. "ಬಿಯರ್ ಕಾರ್ಖಾನೇಲಿ ಎರಡು ಆಯ್ತು. ಶನಿವಾರ ಶನಿವಾರ ಭಜನೆ, ನಾನು ಕಾಫಿಗೆ ಮಾತ್ರ, ಹಾಡಲ್ಲ. ಒಂದು ಹಾಡು ಬರುತ್ತೆ. ಬೂಟಿನಂಗಡಿ ಮಸೀದೀಲೂ ಒಬ್ಬ ಮುದುಕ ಹೋದ, ಅವರಿಗೆ ಹ್ಯಾಮಲ್ಲ, ಕುರಿ. ಇದರಲ್ಲಿ ಯಾವುದು ಆರಾಧನೆ ಅಂತ ಬರ್ಕೋತೀಯೋ ಬರ್ಕೋ."

"ಲೂಥರನ್ ಚರ್ಚಿಗೆ?"

"ಅದಕ್ಕೆ ಬಿಡುವೆಲ್ಲಿದೆ ನನಗೆ?"

"ಹಾಗಾದ್ರೆ 'ಯಾವುದೂ ಅಲ್ಲ' ಅಂತ ಹಾಕ್ಲಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ನಾನಾ? ಯಾವುದೂ ಅಲ್ವಾ? ನಿಂದು ಯಾವುದು ಹೇಳು ಮೊದ್ಲು!"

ಪ್ರಶ್ನೆ ನಾನು ಕೇಳಬೇಕು ಎಂದು ಈ ಸಲ ಅವಳು ಹೇಳಲಿಲ್ಲ. "ನಂದೂ ಯಾವುದೂ ಅಲ್ಲ ಮೇಡಂ. ಅಜ್ಜಿ ಇದ್ದಾಗ ಚರ್ಚಿಗೆ ಕರ್ಕೊಂಡು ಹೋಗ್ತಿದ್ರು. ಜೂನಲ್ಲಿ ಅಜ್ಜಿ ಹೋದ್ರು."

"ಊಟ ಯಾರು ಮಾಡಿದ್ರು?"

"ಊಟಾನಾ? ಏನೂ ಮಾಡ್ಲಿಲ್ಲ. ಏನು ಮಾಡ್ಬೇಕು ಅಂತ ನಮಗೆ ಯಾರಿಗೂ ಗೊತ್ತಾಗ್ಲಿಲ್ಲ." ದನಿ ಸಣ್ಣದಾಯಿತು. "ಬೂದಿ ಇನ್ನೂ ಅಮ್ಮನ ಕಾರಲ್ಲೇ ಇದೆ. ಹಿಂದಿನ ಸೀಟಲ್ಲಿ. ಬೀಳಬಾರದು ಅಂತ ಬೆಲ್ಟ್ ಹಾಕಿದೀವಿ."

ಟೊಲೀಡೋ ಹತ್ತಿರದವಳಂತೆ. ಎರಡು ಗಂಟೆಯ ದಾರಿ. ಎಷ್ಟು ಜನ, ಒಲೆ ಇದೆಯೇ, ಅಜ್ಜಿಗೆ ಏನಿಷ್ಟ ಎಲ್ಲ ಕೇಳಿದೆ. ಅವಳು ಅಳುತ್ತಲೇ ಉತ್ತರ ಕೊಟ್ಟಳು, ಜೆಲ್ಲಿ ಹಸಿರೇ ಇರಲಿ ಎಂದಳು. ಆಮೇಲೆ ದಿಲ್‌ಮಾಯಾಗೆ ಫೋನು ಮಾಡಿದೆ.

"ಸತ್ತು ತಿಂಗಳಾಯ್ತಾ ದಿದಿ? ಯಾರೂ ಏನೂ ಬಡಿಸಿಲ್ವಾ?" ಎಂದು ಎದೆ ಮುಟ್ಟಿಕೊಂಡಿರಬೇಕು, ದನಿಯಲ್ಲೇ ಗೊತ್ತಾಯಿತು. "ಅಜ್ಜಿಗೆ ಎಷ್ಟು ಹಸಿವಾಗಿದೆಯೋ! ಶನಿವಾರ ಭಜನೆ ಬೇರೆಯವರು ನೋಡ್ಕೋತಾರೆ. ಹೋಗೋಣ."

ಹುಡುಗಿ ನನ್ನ ಧರ್ಮ ಏನೆಂದು ಬರೆದುಕೊಂಡಳೋ, ಕೇಳಲು ಮರೆತೆ. ಮರೆಯುವ ಮುಂಚೆ ಇರಲಿ ಎಂದು ದೊಡ್ಡ ಕಾಫಿ ಪಾತ್ರೆಯನ್ನು ಈಗಲೇ ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಬೆಲ್ಟು ಹಾಕಿ ಬಂದೆ.